ಹಬೆ ಒಳಗೆ ಹೋಗಬೇಕು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಾನುವಾರ ಬೆಟಗೇರಿಗೆ ಹೋಗಿದ್ದೆ. ರೊಟ್ಟಿ ಬಡಿಯುತ್ತಾ ಅವ್ವ ಕೇಳಿದಳು, “ಹುಬ್ಬಳ್ಳ್ಯಾಗ ಏನ್ ಕೆಲಸಪಾ ನಿಂದು?” ಆಸ್ಪತ್ರೆ ಕಸದ ಕೆಲಸ ಅಂತ ಹೇಳಲು ನಾಲಿಗೆ ಏಳಲಿಲ್ಲ. ನಮ್ಮದು ನೇಕಾರರ ಓಣಿ. ಅಪ್ಪ ಮಗ್ಗದ ಮೇಲೆ ದುಡಿದು ನನ್ನನ್ನು ಐಟಿಐ ಫಿಟ್ಟರ್ ಓದಿಸಿದ. “ದೊಡ್ಡ ಕುಕ್ಕರ್ ನಡಸ್ತೀನವ್ವಾ” ಅಂದೆ.

“ಹಂಗಾರ ಎಷ್ಟ ಸೀಟಿ ಹೊಡಸ್ತಿ?” ಅಂದಳು ಅವ್ವ.

ನಾನು ಹೇಳಿದ್ದು ಸುಳ್ಳೇನಲ್ಲ. ನಾನು ಆಟೋಕ್ಲೇವ್ ಆಪರೇಟರ್. ಆಟೋಕ್ಲೇವ್ ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಯಂತ್ರ. ಹುಬ್ಬಳ್ಳಿಯ ಹೊರಗೆ, ಊರು ಮುಗಿದ ಮೇಲೆ, ನಮ್ಮ ಘಟಕ ಇದೆ. ಸುತ್ತಲಿನ ಆಸ್ಪತ್ರೆ, ನರ್ಸಿಂಗ್ ಹೋಮ್, ಲ್ಯಾಬ್, ಹಲ್ಲಿನ ದವಾಖಾನೆಗಳ ಕಸ ದಿನಾ ಗಾಡಿಯಲ್ಲಿ ಇಲ್ಲಿಗೆ ಬರುತ್ತದೆ. 2016ರ ನಿಯಮದ ಪ್ರಕಾರ 75 ಕಿಲೋಮೀಟರ್ ಒಳಗೆ ಇಂಥದ್ದೊಂದು ಸಾಮೂಹಿಕ ಘಟಕ ಇದ್ದರೆ ಆಸ್ಪತ್ರೆಗಳು ತಮ್ಮದೇ ಬೇರೆ ಯಂತ್ರ ಕೂರಿಸುವಂತಿಲ್ಲ. ಹಾಗಾಗಿ ಧಾರವಾಡದ ಒಂದು ವಾರ್ಡಿನ ಸಲೈನ್ ಬಾಟಲಿಯೂ ಗದಗಿನ ಒಂದು ಲ್ಯಾಬಿನ ಸಿರಿಂಜೂ ನನ್ನ ಒಂದೇ ಟ್ರಾಲಿಯಲ್ಲಿ ಬಂದು ಕೂರುತ್ತವೆ.

ಸೇರಿದ ದಿನವೇ ನನಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಸೂಜಿ ಹಾಕಿಸಿದರು. ಆಮೇಲೆ ಒಂದು ತಿಂಗಳಿಗೆ, ಮತ್ತೆ ಆರನೇ ತಿಂಗಳಿಗೆ. ಜೊತೆಗೆ ಟಿಟಿ. ದಪ್ಪ ಗ್ಲೌಸು, ಏಪ್ರನ್, ಮೊಣಕಾಲ ತನಕ ಬೂಟು, ಮುಖಕ್ಕೆ ಗಾಜಿನಂಥ ಮುಸುಕು. ಬೇಸಿಗೆಯಲ್ಲಿ ಇಷ್ಟೆಲ್ಲ ಹಾಕಿಕೊಂಡು ಬಾಯ್ಲರ್ ಪಕ್ಕ ನಿಲ್ಲುವುದು ಹೇಗಿರುತ್ತದೆ ಅಂತ ನಿಂತವರಿಗೇ ಗೊತ್ತು. ಆದರೂ ಒಂದು ದಿನವೂ ತೆಗೆದಿಲ್ಲ.

ಹಳದಿ ಚೀಲಗಳು ಪಕ್ಕದ ಶೆಡ್ಡಿಗೆ ಹೋಗುತ್ತವೆ. ಗಾಯದ ಬ್ಯಾಂಡೇಜು, ರಕ್ತ ಮೆತ್ತಿದ ಹತ್ತಿ, ಆಪರೇಷನ್ನಿನಲ್ಲಿ ತೆಗೆದ ಅಂಗ, ಅದೆಲ್ಲ ಸುಡುವಂಥದ್ದು. ನನಗೆ ಬರುವುದು ಕೆಂಪು ಚೀಲ. ಅಂದರೆ ಪ್ಲಾಸ್ಟಿಕ್: ಸಲೈನ್ ಬಾಟಲಿ, ಅದರ ನಳಿಕೆ, ಸೂಜಿ ತೆಗೆದ ಸಿರಿಂಜು, ಕ್ಯಾತಿಟರ್, ಮೂತ್ರದ ಚೀಲ, ಗ್ಲೌಸು. ಇದನ್ನೂ ಸುಟ್ಟರೆ ಮುಗಿಯಿತಲ್ಲ ಅಂತ ಮೊದಲ ವಾರ ನಾನೂ ಕೇಳಿದ್ದೆ. ನಳಿಕೆಗಳಲ್ಲಿ ಪಿವಿಸಿ ಇರುತ್ತದೆ, ಅದರಲ್ಲಿ ಕ್ಲೋರಿನ್. ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಗಾಳಿಗೆ ಸೇರುತ್ತದೆ. ಅದಕ್ಕೇ ಪ್ಲಾಸ್ಟಿಕ್ಕನ್ನು ಬೇಯಿಸಬೇಕು, ಸುಡಬಾರದು.

ಬೇಯಿಸುವುದು ಅಂದೆ. ಆ ಬೇಯಿಸುವ ಕೆಲಸ ಕಲಿಸಿದ್ದು ಕಾಕಾ. ನಮ್ಮ ಹಿರಿಯ ಆಪರೇಟರನ್ನು ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ. ಮೊದಲು ಬೇರೆ ಕಡೆ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಮಾತು ಕಮ್ಮಿ.

ಯಂತ್ರ ನೋಡಲು ಮಲಗಿಸಿದ ಟ್ಯಾಂಕಿನ ಹಾಗಿದೆ. ಮುಂದೆ ಭಾರದ ಬಾಗಿಲು, ಸುತ್ತ ರಬ್ಬರ್ ಗ್ಯಾಸ್ಕೆಟ್. ಟ್ರಾಲಿ ಒಳಗೆ ತಳ್ಳಿ ಬಾಗಿಲು ಬಿಗಿದರೆ ಮೊದಲು ಪಂಪು ಚಾಲೂ ಆಗುತ್ತದೆ. ಅದು ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತದೆ. ಆಮೇಲೆ ಹಬೆ ಬಿಡುತ್ತೇವೆ. 121 ಡಿಗ್ರಿ ಮುಟ್ಟಿದ ಮೇಲೆ ಗಡಿಯಾರ ಶುರು. ಗಾಳಿ ಹೀರುವ ನಮ್ಮಂಥ ಯಂತ್ರದಲ್ಲಿ 121 ಡಿಗ್ರಿಗೆ 45 ನಿಮಿಷ. ಪಂಪಿಲ್ಲದೆ ಹಬೆಯೇ ಗಾಳಿಯನ್ನು ಕೆಳಗೆ ತಳ್ಳುವ ಯಂತ್ರವಾದರೆ ಅದೇ 121ಕ್ಕೆ 60 ನಿಮಿಷ. ಬೇಗ ಮುಗಿಸಬೇಕು ಅಂದರೆ 135 ಡಿಗ್ರಿಗೆ ಹೋಗಬೇಕು, ಒತ್ತಡ 31 ಪಿಎಸ್‌ಐ ಬೇಕು. ಏನೇ ಮಾಡಿದರೂ 30 ನಿಮಿಷಕ್ಕಿಂತ ಕಮ್ಮಿ ಮಾಡುವ ಹಾಗಿಲ್ಲ.

ಪುಸ್ತಕದಲ್ಲಿ 121 ಡಿಗ್ರಿಯ ಪಕ್ಕ 15 ಪಿಎಸ್‌ಐ ಅಂತ ಬರೆದಿರುತ್ತದೆ. ನಾನು ಅದನ್ನೇ ಬಾಯಿಪಾಠ ಮಾಡಿದ್ದೆ. ಒಂದು ದಿನ ಗೇಜಿನ ಮುಳ್ಳು 15ಕ್ಕೆ ಬಂತು. ಪರದೆಯ ಮೇಲೆ ಇನ್ನೂ 120 ಆಗಿರಲಿಲ್ಲ. “ಕಾಕಾ, 15 ಆತು, ಟೈಮ್ ಹಾಕಲೇನ್ರಿ?” ಅಂದೆ.

“ಮುಳ್ಳು ನಂಬಬ್ಯಾಡ ತಮ್ಮಾ, ಡಿಗ್ರಿ ನಂಬು” ಅಂದರು.

ಯಾಕೆ ಅಂತ ಆಮೇಲೆ ಬಿಡಿಸಿ ಹೇಳಿದರು. 15ರ ಲೆಕ್ಕ ಸಮುದ್ರದ ದಂಡೆಯದ್ದು. ನಮ್ಮ ಹುಬ್ಬಳ್ಳಿ ಸಮುದ್ರಕ್ಕಿಂತ 650 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸ್ವಲ್ಪ ಕಮ್ಮಿ. ಇಲ್ಲಿ ನೀರು ಕುದಿಯುವುದೂ 100ಕ್ಕಲ್ಲ, 98ರ ಆಸುಪಾಸು. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ. ಹಾಗಾಗಿ ಕಾರವಾರದಲ್ಲಿ 15ಕ್ಕೆ 121 ಬಂದರೆ ನಮ್ಮಲ್ಲಿ 16 ದಾಟಿದ ಮೇಲೆ ಬರುತ್ತದೆ. ಒಂದು ಡಿಗ್ರಿಯ ಮಾತು ಅಷ್ಟೇ, ಅಲ್ವಾ? ಆದರೆ ಅವತ್ತಿನಿಂದ ನಾನು ಮೊದಲು ನೋಡುವುದು ಡಿಗ್ರಿಯನ್ನೇ.

ಇನ್ನೊಂದು ಮಾತೂ ಕಾಕಾ ಅವತ್ತೇ ಹೇಳಿದರು. ಒಳಗೆ ಗಾಳಿ ಉಳಿದರೆ ಮುಳ್ಳು ಸುಳ್ಳು ಹೇಳುತ್ತದೆ. ಗಾಳಿಯೂ ಒತ್ತಡ ಕೊಡುತ್ತದೆ, ಶಾಖ ಕೊಡುವುದಿಲ್ಲ. ಸಮುದ್ರ ಮಟ್ಟದ ಲೆಕ್ಕದಲ್ಲೇ, ಅರ್ಧ ಗಾಳಿ ಒಳಗೆ ಉಳಿದಿದ್ದರೆ 15 ಪಿಎಸ್‌ಐಗೆ ಬರುವುದು 112 ಡಿಗ್ರಿ ಮಾತ್ರ. ಅಷ್ಟಕ್ಕೆ ಗಟ್ಟಿ ಕ್ರಿಮಿ ಸಾಯುವುದಿಲ್ಲ.

ಹಬೆಯೇ ಯಾಕೆ, ಬಿಸಿ ಗಾಳಿ ಯಾಕಲ್ಲ? ಇದು ನಮ್ಮ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಕಾದ ಹಂಚಿನ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಹಿಡಿದರೆ ಬಿಸಿ ತಾಗುತ್ತದೆ, ತಡೆಯಬಹುದು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಕೈ ಹಿಡಿದರೆ ಚರ್ಮ ಸುಲಿಯುತ್ತದೆ. ಹಬೆ ತಣ್ಣನೆಯ ವಸ್ತು ಮುಟ್ಟಿದ ತಕ್ಷಣ ನೀರಾಗುತ್ತದೆ. ನೀರಾಗುವಾಗ ತನ್ನೊಳಗೆ ಅಡಗಿದ ಶಾಖವನ್ನೆಲ್ಲ ಅಲ್ಲೇ ಸುರಿಯುತ್ತದೆ. ಒಂದು ಕಿಲೋ ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಲು ಎಷ್ಟು ಶಾಖ ಬೇಕೋ, ಒಂದು ಕಿಲೋ ಹಬೆ ಅದರ ಐದು ಪಟ್ಟಿಗಿಂತ ಜಾಸ್ತಿ ಶಾಖ ಬಿಡುತ್ತದೆ. ಒಣ ಬಿಸಿಯಲ್ಲಿ ಕ್ರಿಮಿ ಕೊಲ್ಲಬೇಕಾದರೆ 160 ಡಿಗ್ರಿ ಎರಡು ತಾಸು ಬೇಕು. ಅಷ್ಟು ಬಿಸಿಗೆ ನಮ್ಮ ಪ್ಲಾಸ್ಟಿಕ್ಕೆಲ್ಲ ಮುದ್ದೆಯಾಗಿ ಹೋಗುತ್ತದೆ. ಹಬೆ ಇದ್ದರೆ 121 ಸಾಕು. ಆದರೆ ಹಬೆ ಮುಟ್ಟಬೇಕು. ಮುಟ್ಟದಿದ್ದರೆ ಇಲ್ಲ.

ಬೆಂದದ್ದು ಆರಿದ ಮೇಲೆ ಶ್ರೆಡರಿಗೆ ಹೋಗುತ್ತದೆ. ಎರಡು ದಪ್ಪ ದಂಡಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಮೈತುಂಬ ಕೊಕ್ಕೆಯಂಥ ಬ್ಲೇಡು. ನಿಮಿಷಕ್ಕೆ 50 ಸುತ್ತಿನೊಳಗೇ, ನಿಧಾನ. ನೋಡಿದರೆ ಮೆತ್ತಗೆ ಅಗಿಯುತ್ತಿದೆ ಅನ್ನಿಸುತ್ತದೆ. ಸಲೈನ್ ಬಾಟಲಿ ಬಿದ್ದರೆ ಮೊದಲು ಚಪ್ಪಟೆಯಾಗುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಕರಕರ ಅಂತ ಒಳಗೆ ಎಳೆದುಕೊಳ್ಳುತ್ತದೆ. ಕೆಳಗೆ ಬೆರಳುಗುರಿನಷ್ಟು ತುಣುಕು ಉದುರುತ್ತವೆ. ಗ್ಲೌಸು ಮಾತ್ರ ಕಾಟ. ರಬ್ಬರ್ ಕತ್ತರಿಸದೆ ದಂಡಕ್ಕೆ ಸುತ್ತಿಕೊಳ್ಳುತ್ತದೆ. ಒಮ್ಮೆ ಕೆಂಪು ಚೀಲದಲ್ಲಿ ಸ್ಟೀಲಿನ ಕತ್ತರಿ ಬಂದುಬಿಟ್ಟಿತ್ತು. ಧಡ್ ಅಂತ ಸದ್ದು, ಮೋಟರ್ ನಿಂತಿತು. ಉಲ್ಟಾ ತಿರುಗಿಸಿ, ಮೇನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡ ಮೇಲೆಯೇ ಕಾಕಾ ಕೈ ಇಳಿಸಿದರು. ಎರಡು ಹಲ್ಲು ಮುರಿದಿದ್ದವು.

ಬೇಯಿಸಿದ ಮೇಲೆ ಕತ್ತರಿಸುವುದು ಯಾಕೆ ಅಂತ ಕೇಳುತ್ತಾರೆ. ಬೆಂದ ಸಿರಿಂಜು ನೋಡಲು ಹೊಸದರ ಹಾಗೇ ಇರುತ್ತದೆ. ತೊಳೆದು ಪ್ಯಾಕ್ ಮಾಡಿದರೆ ಯಾರಿಗೂ ಗೊತ್ತಾಗಲ್ಲ. 2009ರಲ್ಲಿ ಗುಜರಾತಿನ ಮೊಡಾಸಾ ಕಡೆ ಹೆಪಟೈಟಿಸ್ ಬಿ ಹಬ್ಬಿ ಎಷ್ಟೋ ಜನ ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಕಾರಣ ಅಂತ ತನಿಖೆಯಲ್ಲಿ ಹೊರಬಂತು. ಅದಕ್ಕೇ ನನಗೆ ಶ್ರೆಡರಿನ ಆ ಕರಕರ ಸದ್ದು ಅಂದರೆ ಒಂದು ನೆಮ್ಮದಿ. ಅದರ ಬಾಯಿಗೆ ಬಿದ್ದದ್ದು ಮತ್ತೆ ಯಾರ ತೋಳಿಗೂ ಚುಚ್ಚಲ್ಲ.

ಈಗ ಆ ಜುಲೈ ತಿಂಗಳಿಗೆ ಬರುತ್ತೇನೆ. 2022.

ವಾರಕ್ಕೊಮ್ಮೆ ನಮ್ಮಲ್ಲಿ ಸ್ಪೋರ್ ಟೆಸ್ಟ್. ಕಿರುಬೆರಳಿನಷ್ಟು ವಯಲ್. ಅದರೊಳಗೆ ಒಂದು ಸಣ್ಣ ಪಟ್ಟಿ, ಪಟ್ಟಿಯ ಮೇಲೆ ಒಂದು ಬ್ಯಾಕ್ಟೀರಿಯಾದ 10 ಲಕ್ಷ ಬೀಜಕಣ, ಅಂದರೆ ಸ್ಪೋರ್. ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಅಂತ ಅದರ ಹೆಸರು. ಮನುಷ್ಯರಿಗೆ ರೋಗ ತರುವಂಥದ್ದಲ್ಲ, ಆದರೆ ಬಿಸಿಗೆ ಜಗ್ಗುವುದಿಲ್ಲ. ಅದು ಸತ್ತರೆ ಉಳಿದವೂ ಸತ್ತಿವೆ ಅಂತ ನಂಬಬಹುದು. ಲೋಡಿನ ನಟ್ಟನಡುವೆ ವಯಲ್ ಇಡುತ್ತೇವೆ. ಹೊರಗೆ ಬಂದ ಮೇಲೆ ಅದರೊಳಗಿನ ಗಾಜಿನ ಕೊಳವೆಯನ್ನು ಹಿಸುಕಿ ಒಡೆದು, 56 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ಒಳಗಿನ ನೀರು ನೇರಳೆ. ಬೀಜಕಣ ಬದುಕಿದ್ದರೆ ಬೆಳೆದು ಹುಳಿ ಬಿಡುತ್ತವೆ, ನೀರು ಹಳದಿಯಾಗುತ್ತದೆ. ಬೇಯಿಸದ ಇನ್ನೊಂದು ವಯಲ್ ಪಕ್ಕದಲ್ಲೇ ಇಟ್ಟಿರುತ್ತೇವೆ. ಅದು ಕಂಟ್ರೋಲ್. ಅದು ಹಳದಿ ಆಗಲೇಬೇಕು.

ಮಂಗಳವಾರ ಇಟ್ಟದ್ದು. ಬುಧವಾರ ಬೆಳಗ್ಗೆ ಬಾಗಿಲು ತೆಗೆದೆ. ಎರಡೂ ಹಳದಿ.

ಕಾಲು ಕುಸಿದ ಹಾಗಾಯಿತು. ಬ್ಯಾಚಿನ ಟೇಪು, ಬಿಸಿ ತಾಗಿದರೆ ಗೆರೆ ಮೂಡುವಂಥದ್ದು, ತೆಗೆದು ನೋಡಿದೆ. ಗೆರೆಗಳು ಕಪ್ಪಗೆ ಮೂಡಿದ್ದವು, ಎಲ್ಲ ಸರಿ ಅನ್ನುವ ಹಾಗೆ. ಗ್ರಾಫಿನಲ್ಲೂ 121 ಡಿಗ್ರಿ, 45 ನಿಮಿಷ, ಗೆರೆ ನೆಟ್ಟಗಿತ್ತು. ಟೇಪಿಗೆ ಗೊತ್ತಿರುವುದು ತನಗೆ ತಾಗಿದ ಬಿಸಿ ಮಾತ್ರ. ಅದು ಚೀಲದ ಹೊರಗಿತ್ತು. ಆ ಬ್ಯಾಚಿನ ಪ್ಲಾಸ್ಟಿಕ್ ಆಗಲೇ ಶ್ರೆಡರ್ ದಾಟಿ ಗೋಣಿಚೀಲಗಳಲ್ಲಿ ತುಂಬಿ ನಿಂತಿತ್ತು. ಮಧ್ಯಾಹ್ನ ಮರುಬಳಕೆಯವರ ಲಾರಿ ಬರುವುದಿತ್ತು.

ಓಡಿ ಹೋಗಿ ಕಾಕಾಗೆ ತೋರಿಸಿದೆ. ವಯಲನ್ನು ಬೆಳಕಿಗೆ ಹಿಡಿದು ನೋಡಿದರು. “ಲಾರಿಯವಗ ಫೋನ್ ಹಚ್ಚು. ಬರಬ್ಯಾಡ ಅನ್ನು” ಅಂದರು. ಆಮೇಲೆ ಇಬ್ಬರೂ ಸಾಹೇಬರ ಹತ್ತಿರ ಹೋದೆವು. ಹೊರಗೆ ಗಾಡಿಗಳು ನಿಂತಿದ್ದವು. ಬೇಯಿಸದ ಕಸವನ್ನು 48 ತಾಸಿಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಯಂತ್ರ ನಿಲ್ಲಿಸಿದರೆ ತೊಂದರೆ, ನಡೆಸಿದರೆ ಇನ್ನೂ ದೊಡ್ಡ ತೊಂದರೆ. ಸಾಹೇಬರು ಎರಡು ನಿಮಿಷ ಸುಮ್ನೆ ಕೂತರು. ಆಮೇಲೆ ದೊಡ್ಡ ಯಂತ್ರ ನಿಲ್ಲಿಸಿ, ಪಕ್ಕದ ಸಣ್ಣ ಆಟೋಕ್ಲೇವನ್ನು ಮೂರೂ ಪಾಳಿ ನಡೆಸಿ ಅಂದರು. ಅದರ ಸ್ಪೋರ್ ಟೆಸ್ಟ್ ಪಾಸಾಗಿತ್ತು. ಆ ಮಾತಿಗೆ ನಾನು ಇವತ್ತಿಗೂ ಅವರನ್ನು ಗೌರವಿಸುತ್ತೇನೆ.

ಗೋಣಿಚೀಲಗಳನ್ನೆಲ್ಲ ಬೇರೆ ಮಾಡಿ ಕೆಂಪು ಬಣ್ಣದಲ್ಲಿ ಗುರುತು ಹಾಕಿದೆವು. ಆ ತುಣುಕುಗಳನ್ನು ಅಗಲವಾದ ಟ್ರೇಗಳಲ್ಲಿ ತೆಳ್ಳಗೆ ಹರಡಿ ಮತ್ತೊಮ್ಮೆ ಬೇಯಿಸಿದೆವು. ಶ್ರೆಡರಿಗೆ ಶೇ. 1ರ ಹೈಪೋಕ್ಲೋರೈಟ್ ಹೊಡೆದು ತೊಳೆದೆವು. ಎರಡು ದಿನ ಹಿಡಿಯಿತು.

ಮೊದಲು ಸಿಕ್ಕ ತಪ್ಪು ನನ್ನದೇ. ಆ ವಾರ ಗಾಳಿ ಹೀರುವಾಗ ಮುಳ್ಳು ದಿನಾ ಸ್ವಲ್ಪ ಮೊದಲೇ ನಿಲ್ಲುತ್ತಿತ್ತು. ನಾನು ರಿಜಿಸ್ಟರಿನಲ್ಲಿ ಬರೆದಿದ್ದೆ, ಆದರೆ ಯಾರಿಗೂ ಹೇಳಿರಲಿಲ್ಲ. ಕೆಳಗಿನ ಡ್ರೇನಿನ ಜಾಲರಿ ಬಿಚ್ಚಿದೆವು. ಕರಗಿದ ತೆಳ್ಳನೆಯ ಪ್ಲಾಸ್ಟಿಕ್, ಬಾರ್‌ಕೋಡ್ ಚೀಟಿ, ಹತ್ತಿ, ಎಲ್ಲ ಸೇರಿ ಚಪಾತಿಯ ಹಾಗೆ ಒಂದು ಪದರ ಮುಚ್ಚಿಕೊಂಡಿತ್ತು. ಗಾಳಿ ಹೋಗುವ ದಾರಿಯೇ ಅದು. ಕೆರೆದು ತೊಳೆದೆ. ಖಾಲಿ ಯಂತ್ರ ನಡೆಸಿ ವಯಲ್ ಇಟ್ಟೆವು. ಮರುದಿನ ನೇರಳೆ. ಗೆದ್ದೆವು ಅಂದುಕೊಂಡೆ. ಲೋಡ್ ಹಾಕಿ ಮತ್ತೆ ಇಟ್ಟೆವು. ಹಳದಿ.

ಅಂದರೆ ಯಂತ್ರ ಸರಿ ಇದೆ. ಲೋಡಿನಲ್ಲಿ ಏನೋ ಇದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಭಾನುವಾರ ಊರಿಗೆ ಹೋದೆ. ಅಡುಗೆಮನೆಯಲ್ಲಿ ಕೂತಿದ್ದೆ. ಒಲೆಯ ಮೇಲೆ ಕುಕ್ಕರ್ ಇತ್ತು. ಸೀಟಿ ಹಾಕಲು ಕೈ ಚಾಚಿದೆ. “ತಡಿ, ಇನ್ನೂ ಹಬಿ ಬಂದಿಲ್ಲ” ಅಂದಳು ಅವ್ವ. ಸ್ವಲ್ಪ ಹೊತ್ತಿಗೆ ಕೊಳವೆಯಿಂದ ಹಬೆ ಸಳಸಳ ಅಂತ ನೆಟ್ಟಗೆ ಮೇಲೆದ್ದಿತು. “ಒಳಗಿನ ಗಾಳಿ ಹೋತು. ಈಗ ಹಾಕು.”

ಇಷ್ಟು ವರ್ಷದಲ್ಲಿ ಅವ್ವ ಹಾಗೆ ಕಾಯುವುದನ್ನು ನೂರು ಸಲ ನೋಡಿರಬೇಕು. ಐಟಿಐ ಮೆಟ್ಟಿಲು ಹತ್ತದ ಅವ್ವ ದಿನಾ ಮಾಡುವ ಕೆಲಸವನ್ನೇ ನಾವು ಪಂಪು ಹಚ್ಚಿ ಮಾಡುತ್ತಿದ್ದೆವು. ಅವ್ವ ಕುಕ್ಕರಿನ ಗಾಳಿ ತೆಗೆಯುತ್ತಾಳೆ. ನಾವು ಚೇಂಬರಿನ ಗಾಳಿ ತೆಗೆಯುತ್ತೇವೆ. ಹಾಗಾದರೆ ಚೀಲದೊಳಗಿನ ಗಾಳಿ? ಚೀಲದೊಳಗೆ ಇನ್ನೊಂದು ಚೀಲ ಇದ್ದರೆ? ಅದರೊಳಗೆ ಮುಚ್ಚಳ ತಿರುಗಿಸಿ ಬಿಗಿದ ಸ್ಯಾಂಪಲ್ ಡಬ್ಬಿ ಇದ್ದರೆ ಅದರ ಗಾಳಿಯನ್ನು ಯಾರು ತೆಗೆಯಬೇಕು?

ಸೋಮವಾರ ಬೆಳಗ್ಗೆ ಹೋದ ಕೂಡಲೇ ಕಾಕಾಗೆ ಹೇಳಿದೆ. ಅವರು ಏನೂ ಅನ್ನದೆ ಸ್ಟೋರಿಗೆ ಹೋಗಿ ನಾಲ್ಕು ವಯಲ್ ತಂದರು. ಒಂದನ್ನು ಬಾಯಿ ಬಿಚ್ಚಿದ ಚೀಲದ ನಡುವೆ ಇಟ್ಟೆವು. ಇನ್ನೊಂದು, ಒತ್ತಿ ಒತ್ತಿ ತುಂಬಿ ಎರಡು ಗಂಟು ಹಾಕಿದ ಜೋಡಿ ಚೀಲದೊಳಗೆ. ಮೂರನೆಯದನ್ನು ಮೂತ್ರದ ಸ್ಯಾಂಪಲ್ ಹಾಕುವ ಹೊಸ ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆವು. ನಾಲ್ಕನೆಯದು ಕಂಟ್ರೋಲ್. 121 ಡಿಗ್ರಿ, 45 ನಿಮಿಷ, ಒಂದೇ ಬ್ಯಾಚು.

ಮರುದಿನ ಬಿಚ್ಚಿದ ಚೀಲದ ವಯಲ್ ನೇರಳೆ. ಉಳಿದ ಮೂರೂ ಹಳದಿ.

ಡಬ್ಬಿಯನ್ನು ನಾನು ಇಟ್ಟುಕೊಂಡಿದ್ದೇನೆ. ಅದಕ್ಕೆ ಏನೂ ಆಗಿಲ್ಲ. ಮುಟ್ಟಿದರೆ ಸುಡುವಷ್ಟು ಬಿಸಿ ಅದಕ್ಕೂ ತಾಗಿತ್ತು. ಆದರೆ ಒಳಗೆ ಇದ್ದದ್ದು ಒಣ ಗಾಳಿ. ಹಬೆಯ ಒಂದು ಹನಿಯೂ ಒಳಗೆ ಹೋಗಿಲ್ಲ. ಅದು ಆಟೋಕ್ಲೇವಿನ ಒಳಗಿದ್ದರೂ ಆಟೋಕ್ಲೇವ್ ಆಗಿಲ್ಲ. ಜೋಡಿ ಚೀಲದ ಕಥೆಯೂ ಹಾಗೇ. ತೆಳ್ಳನೆಯ ಚೀಲ ಬಿಸಿಗೆ ಮೆತ್ತಗಾಗಿ ಕಸಕ್ಕೆ ಅಂಟಿಕೊಂಡು ಒಂದು ಚರ್ಮದ ಹಾಗೆ ಸುತ್ತಿಕೊಂಡಿತ್ತು. ನಡುವೆ ತುಂಬಿದ ಮೂತ್ರದ ಚೀಲವೊಂದಿತ್ತು. ಅಷ್ಟು ನೀರು ಕಾಯಲೇ ಅರ್ಧ ಹೊತ್ತು ಹೋಗುತ್ತದೆ.

ಗಂಟಿನ ಕೆಲಸ ನಾವೇ ಮಾಡಿಕೊಳ್ಳಬಹುದಿತ್ತು. ಉದ್ದ ಹಿಡಿಯ ಬಾಗಿದ ಚಾಕು ಮಾಡಿಸಿದೆವು. ಟ್ರಾಲಿಗೆ ಹಾಕುವಾಗ ದೂರದಿಂದಲೇ ಗಂಟಿನ ಕೆಳಗೆ ಸೀಳುತ್ತೇವೆ. ಟ್ರಾಲಿಯನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಲ್ಲ. ಜಾಲರಿಯನ್ನು ದಿನಾ ಪಾಳಿ ಶುರುವಾಗುವ ಮೊದಲು ತೊಳೆಯುತ್ತೇವೆ. ಆದರೆ ಮುಚ್ಚಳ?

ಇಲ್ಲೇ ಚೀಲ ಸುರಿದು ಒಂದೊಂದು ಮುಚ್ಚಳ ತೆಗೆಸೋಣ ಅಂತ ಹೊಸದಾಗಿ ಬಂದ ಸೂಪರ್‌ವೈಸರ್ ಒಬ್ಬರು ಹೇಳಿದರು. ಕಾಕಾ ತಲೆ ಅಲ್ಲಾಡಿಸಿದರು. ನಮಗೆಲ್ಲ ಆ ಹುಡುಗ ನೆನಪಾದ.

ಕುಂದಗೋಳ ಕಡೆಯ ಹುಡುಗ, ಗಾಡಿಯ ಜೊತೆ ಹೋಗುತ್ತಿದ್ದ. ಇನ್ನೂ 20 ತುಂಬಿರಲಿಲ್ಲ. ಒಂದು ಸಂಜೆ ಕೆಂಪು ಚೀಲ ಇಳಿಸುವಾಗ ಅದು ಅವನ ತೊಡೆಗೆ ತಾಗಿತು. “ಅಣ್ಣಾ, ಏನೋ ಚುಚ್ಚಿತು” ಅಂದ. ಒಂದು ನರ್ಸಿಂಗ್ ಹೋಮಿನ ಚೀಲ. ಸಿರಿಂಜಿನ ಜೊತೆ ಸೂಜಿಯನ್ನೂ ಹಾಗೇ ಹಾಕಿದ್ದರು. ಸೂಜಿ ಇರಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯಲ್ಲಿ. ಗಾಯವನ್ನು ಹಿಂಡಬಾರದು, ಸೋಪು ನೀರಿನಲ್ಲಿ ತೊಳೆಯಬೇಕು. ತೊಳೆದು ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಎಚ್‌ಐವಿ ತಡೆಯುವ ಗುಳಿಗೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು, ಎರಡು ತಾಸಿನೊಳಗೆ ಆದರೆ ಬಹಳ ಒಳ್ಳೆಯದು, 72 ತಾಸು ದಾಟಿದರೆ ಉಪಯೋಗವಿಲ್ಲ. ಅವನಿಗೆ ಒಂದು ತಾಸಿನೊಳಗೆ ಸಿಕ್ಕಿತು. 28 ದಿನ ನುಂಗಿದ. ವಾಂತಿ, ತಲೆಸುತ್ತು. ಮನೆಯಲ್ಲಿ ಹೇಳಿರಲಿಲ್ಲ. ಆರು ತಿಂಗಳ ಪರೀಕ್ಷೆಯಲ್ಲೂ ಏನೂ ಇಲ್ಲ ಅಂತ ಬಂದಾಗ ನನ್ನ ಕೈ ಹಿಡಿದು ಅತ್ತ. ಆಮೇಲೆ ಕೆಲಸ ಬಿಟ್ಟ. ನಾನು ಇರು ಅನ್ನಲಿಲ್ಲ.

ಹಾಗಾಗಿ ಬೇಯದ ಚೀಲವನ್ನು ನಮ್ಮಲ್ಲಿ ಯಾರೂ ಸುರಿಯಬಾರದು. ಮುಚ್ಚಳ ತೆಗೆಯಬೇಕಾದ ಜಾಗ ಆಸ್ಪತ್ರೆಯೇ. ಡಬ್ಬಿ ಕೈಯಲ್ಲಿರುವಾಗಲೇ ಅದು ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಅಲ್ಲಿ ತಪ್ಪಿದರೆ ಇಲ್ಲಿ ಲಕ್ಷಗಟ್ಟಲೆ ರೂಪಾಯಿಯ ಯಂತ್ರವೂ ಅದನ್ನು ಸರಿ ಮಾಡಲಾರದು. ಇದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ವಾರಕ್ಕೆ ಒಂದು ದಿನ ಗಾಡಿಯ ಜೊತೆ ಹೋಗುತ್ತೇನೆ ಅಂತ ಸಾಹೇಬರನ್ನು ಕೇಳಿದೆ. ಒಪ್ಪಿದರು.

ಮೊದಲ ದಿನ ಹಾವೇರಿ ಕಡೆ. ಬಹಳ ಕಡೆ ಡಾಕ್ಟರಿಗೆ ಹೊತ್ತಿರಲಿಲ್ಲ. ಒಂದು ಕಡೆ “ನೀವು ದುಡ್ಡು ತಗೋತೀರಿ, ನೀವೇ ಮಾಡಿಕೊಳ್ರಿ” ಅಂದರು. ನಾನು ವಾದ ಮಾಡಲಿಲ್ಲ. ಚೀಲ ಕಟ್ಟುವವರು ಡಾಕ್ಟರಲ್ಲ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಕಟ್ಟುವವರು ಆಯಾಗಳು, ವಾರ್ಡ್ ಬಾಯ್‌ಗಳು, ಲ್ಯಾಬಿನ ಹುಡುಗಿಯರು. ಅವರ ಜೊತೆ ಮಾತಾಡಬೇಕು.

ಗದಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ಆಯಾ ಸಿಕ್ಕರು. ಅವ್ವನ ವಯಸ್ಸು. ಹಿಂದಿನ ಬಾಗಿಲ ಹತ್ತಿರ ಚೀಲಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ಎರಡೆರಡು ಬಿಗಿ ಗಂಟು, ಒಂದರೊಳಗೆ ಇನ್ನೊಂದು ಚೀಲ. ಬಹಳ ಶಿಸ್ತಿನ ಕೆಲಸ. “ಅಕ್ಕಾರ, ಯಾಕ ಇಷ್ಟ ಬಿಗಿ ಕಟ್ಟೀರಿ?” ಅಂತ ಕೇಳಿದೆ.

“ನೀವ ಮುಟ್ಟವರಲ್ಲೇನ್ರಿ? ನಿಮಗ ಏನೂ ತಾಗಬಾರ್ದಂತ ಕಟ್ಟೀನಿ” ಅಂದರು.

ನನಗೆ ಮಾತೇ ಹೊರಡಲಿಲ್ಲ. ನಾನು ತಪ್ಪು ತೋರಿಸಲು ಹೋಗಿದ್ದೆ. ಅವರು ನನ್ನ ಕೈ ಉಳಿಸಲು ಗಂಟು ಹಾಕಿದ್ದರು. ಪಕ್ಕದ ಕಟ್ಟೆಯ ಮೇಲೆ ಕೂತು ಆ ಡಬ್ಬಿ ತೋರಿಸಿದೆ. ನೇರಳೆ, ಹಳದಿ ವಯಲ್‌ಗಳ ಫೋಟೋ ತೋರಿಸಿದೆ. ಬೀಜಕಣ, ಪಿಎಸ್‌ಐ ಏನೂ ಹೇಳಲಿಲ್ಲ. ಕುಕ್ಕರಿಗೆ ಸೀಟಿ ಯಾವಾಗ ಹಾಕ್ತೀರಿ ಅಂತ ಕೇಳಿದೆ.

“ಹಬಿ ಬಂದ ಮ್ಯಾಲ” ಅಂದರು. ಆಮೇಲೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ತಿರುಗಿಸಿ ಬಿಚ್ಚಿದರು, ಮತ್ತೆ ಹಾಕಿದರು, ಮತ್ತೆ ಬಿಚ್ಚಿದರು. “ಅಂದ್ರ ಇದರಾಗ ಹಬಿ ಹೋಗಾಂಗಿಲ್ಲ.”

“ಹೌದ್ರಿ.”

“ಮತ್ತ ಮೂತ್ರದ ಚೀಲ?”

“ಸಿಂಕಿನಾಗ ಖಾಲಿ ಮಾಡಿ ಹಾಕ್ರಿ. ಚೀಲ ಮುಕ್ಕಾಲು ತುಂಬಿದ್ರ ಸಾಕು. ಒಂದ ಚೀಲ, ಒಂದ ಗಂಟು. ಸೂಜಿ ಮಾತ್ರ ಬಿಳಿ ಡಬ್ಬ್ಯಾಗ.”

ಅವರು ಒಳಗೆ ಹೋಗಿ ಲ್ಯಾಬಿನ ಹುಡುಗಿಯನ್ನು ಕರೆದು ತಂದರು. “ಈ ತಮ್ಮ ಹೇಳೋದ ಕೇಳ” ಅಂದರು. ನಾನು ಎರಡನೇ ಸಲ ಹೇಳಬೇಕಾಗಲಿಲ್ಲ. ಅವರೇ ಹೇಳಿದರು, ಕುಕ್ಕರಿನಿಂದ ಶುರು ಮಾಡಿ.

ಮರುವಾರ ಸ್ಪೋರ್ ಟೆಸ್ಟಿನ ದಿನ ಗದಗಿನ ಗಾಡಿ ಬಂದಾಗ ಬಾರ್‌ಕೋಡ್ ನೋಡಿ ಆ ಆಸ್ಪತ್ರೆಯ ಕೆಂಪು ಚೀಲವನ್ನೇ ಆರಿಸಿದೆ. ಒಂದೇ ಗಂಟು. ಎತ್ತಿದರೆ ಹಗುರ, ಒಳಗೆ ನೀರು ಅಲ್ಲಾಡಲಿಲ್ಲ. ಗಂಟಿನ ಕೆಳಗೆ ಚಾಕುವಿನಿಂದ ಸೀಳಿ, ಉದ್ದ ಇಕ್ಕಳದಲ್ಲಿ ವಯಲನ್ನು ನಡುವೆ ಇಳಿಸಿದೆ. ಸೀಳಿನಲ್ಲಿ ಸ್ಯಾಂಪಲ್ ಡಬ್ಬಿಗಳು ಕಾಣುತ್ತಿದ್ದವು. ಒಂದಕ್ಕೂ ಮುಚ್ಚಳ ಇರಲಿಲ್ಲ, ಮುಚ್ಚಳಗಳೆಲ್ಲ ಬೇರೆಯಾಗಿ ಕೆಳಗೆ ಬಿದ್ದಿದ್ದವು. ಬಾಗಿಲು ಬಿಗಿದು ಪಂಪು ಹಾಕಿದೆ. ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿ, ಬರೆದು, ಕಾಕಾಗೂ ಹೇಳಿದೆ.

ಎರಡು ದಿನ ಬಿಟ್ಟು ಇನ್‌ಕ್ಯುಬೇಟರ್ ತೆಗೆದೆವು. ಕಂಟ್ರೋಲ್ ಹಳದಿ. ಪಕ್ಕದ್ದು ನೇರಳೆ. ಕಾಕಾ ರಿಜಿಸ್ಟರಿನಲ್ಲಿ ಸಹಿ ಹಾಕಿದರು. ನಾನು ಲಾರಿಯವನಿಗೆ ಫೋನ್ ಮಾಡಿದೆ, ಬಾ ಅಂತ.